ಕಾಳಿ ಹೊಳಿ, ಉದ್ರಿ ಖಾತೆ

ನೌಕರರನ್ನು ಕಾಡಿಗೆ ಕರೆದೊಯ್ದು, ಹೊಳೆಗೆ ಇಳಿಸಿ, ಬಂಡೆ ಹತ್ತಿಸಿ ಮತ್ತೆ ಕೆಲಸಕ್ಕೆ ಕಳಿಸುವ ಪದ್ಧತಿ ಈಗ ಹುಬ್ಬಳ್ಳಿ-ಧಾರವಾಡಕ್ಕೂ ಬಂದಿದೆ. ದಾಂಡೇಲಿ ನಮಗೆ ಎರಡು ತಾಸಿನ ದಾರಿ. ಬಾದಾಮಿಯ ಕೆಂಪು ಬಂಡೆಗಳು ಅದಕ್ಕಿಂತ ತುಸು ದೂರ. ಹೀಗಾಗಿ ಸಾಹಸದಿಂದ ಬದುಕಿಗೆ, ವ್ಯಾಪಾರಕ್ಕೆ ಏನು ಸಿಗುತ್ತದೆ ಎಂಬ ಪ್ರಶ್ನೆ ಇಲ್ಲಿ ಬರೀ ಭಾಷಣದ ವಿಷಯವಾಗಿ ಉಳಿದಿಲ್ಲ. ಯಾರ ರೊಕ್ಕ, ಯಾರ ರವಿವಾರ, ಯಾರ ಜೀವ ಎಂದು ಕೇಳಲೇಬೇಕಾಗುತ್ತದೆ.

ಕೆಳಗಿನ ಮಾತುಕತೆ ದೇಶಪಾಂಡೆ ನಗರದ ಒಂದು ಮನೆಯಲ್ಲಿ ನಡೆದದ್ದು. ಸವಾಯಿ ಗಂಧರ್ವ ಹಾಲ್‌ನಿಂದ ನಡೆದು ಹೋಗುವಷ್ಟು ಹತ್ತಿರ. ಮೇಲೆ ಸಂಸಾರ, ಕೆಳಗೆ ಪಂಪ್‌ಸೆಟ್ಟು, ಪೈಪುಗಳ ವ್ಯಾಪಾರದ ಆಫೀಸು. ಕಾಕಾ ಅರವತ್ತು ದಾಟಿದವರು. ನವಲಗುಂದ, ಕುಂದಗೋಳ, ಕಲಘಟಗಿಯ ಅಂಗಡಿಗಳಿಗೆ ಮಾಲು ಕೊಡುವವರು. ಅವರ ಅಣ್ಣನ ಮಗಳು ಕಂಪನಿಯವರನ್ನು ಕಾಳಿ ನದಿಗೆ ಕರೆದೊಯ್ಯುವ ಸಣ್ಣ ಸಂಸ್ಥೆ ನಡೆಸುತ್ತಾಳೆ. ಕಾಕಾನ ಅಂಗಡಿ, ಗೋದಾಮಿನ ಜನರನ್ನೂ ಕಳಿಸಿರಿ ಎಂದು ಕೇಳಲು ಬಂದಿದ್ದಳು. ಮೂಲೆಯ ಮೇಜಿನಲ್ಲಿ ಗುಮಾಸ್ತರು ಉದ್ರಿ ಖಾತೆ ತಾಳೆ ನೋಡುತ್ತಿದ್ದರು. ನಾನು ನೆರೆಮನೆಯವನು, ಚಹಾಕ್ಕೆ ಹೋದವನು, ರಾತ್ರಿ ಊಟದ ಹೊತ್ತಿನ ತನಕ ಕುಳಿತುಬಿಟ್ಟೆ.

ಮಗಳು: ಎರಡ ದಿನದ ಮಾತು ಕಾಕಾ. ಶನಿವಾರ ಮುಂಜಾನೆ ಹೊಂಟ್ರ ಹಳಿಯಾಳದ ಮ್ಯಾಲೆ ದಾಂಡೇಲಿ, ಅಲ್ಲಿಂದ ಗಣೇಶಗುಡಿ. ರವಿವಾರ ಸಂಜಿಕೆ ವಾಪಸ್. ನಿಮ್ಮ ಮಂದಿಗೆ ಒಬ್ಬರ ಮ್ಯಾಲೆ ಒಬ್ಬರಿಗೆ ನಂಬಿಕಿ ಬರ್ತೈತಿ.

ಕಾಕಾ: ಬರೂದೇನೈತವಾ, ಐತಿ. ಗೋದಾಮಿನಾಗ ಇಬ್ಬರು ಹಮಾಲರು ಕೂಡಿ ಮೋಟಾರ್ ಇಳಸ್ತಾರ. ಒಬ್ಬನ ಕೈ ಜಾರಿದ್ರ ಇನ್ನೊಬ್ಬನ ಕಾಲು ಹೋಗ್ತೈತಿ. ದಿನಾ ಹಂಗ ಕೆಲಸ ಮಾಡೋರಿಗೆ ನಿನ್ನ ರಬ್ಬರ್ ದೋಣ್ಯಾಗ ಯಾವ ನಂಬಿಕಿ ಕಲಸ್ತಿ?

ಮಗಳು: ಹಮಾಲರಿಗೆ ಕಲಸಾಕ ನನ್ನ ಹಂತ್ಯಾಕ ಏನೂ ಇಲ್ಲ, ಒಪ್ಪತೀನಿ. ಕಲೀಬೇಕಾದವರು ಮ್ಯಾಲೆ ಕುಂತವರು. ಆಫೀಸಿನಾಗ ಸಾಹೇಬರ ತಪ್ಪು ಎಲ್ಲಾರಿಗೂ ಗೊತ್ತಿರತೈತಿ, ಯಾರೂ ಬಾಯಿ ತಗಿಯೂದಿಲ್ಲ. ದೋಣ್ಯಾಗ ತಪ್ಪು ಮಾಡಿದ್ರ ಹೊಳಿ ಅಲ್ಲೇ ಹೇಳ್ತೈತಿ. ಸಾಹೇಬರಿಗೂ ಹೇಳ್ತೈತಿ, ಅವರ ಬ್ಯಾಗ್ ಹಿಡಿಯೋ ಹುಡುಗನಿಗೂ ಹೇಳ್ತೈತಿ.

ಕಾಕಾ: ಏನಂತ ಹೇಳ್ತೈತಿ? ಬಿಡಿಸಿ ಹೇಳು. ಕಲಿತದ್ದು ಏನು ಅಂತ ಕೇಳಿದ್ರ ನಿಮ್ಮ ವಯಸ್ಸಿನವರು 'ಟೀಮ್ ವರ್ಕ್' ಅಂದು ಸುಮ್ಮನಾಗ್ತೀರಿ.

ಮಗಳು: ಕೇಳ್ರಿ ಹಂಗಾರ. ಸೆಳವು ಜೋರ ಇದ್ದಲ್ಲಿ ಹೊಸಬರೆಲ್ಲಾ ಹುಟ್ಟು ಎತ್ತಿ ಹಿಡಕೊಂಡು ಗಟ್ಟಿಯಾಗಿ ಕುಂತಬಿಡ್ತಾರ. ಹೆದರಿಕಿ ಅಂದ್ರ ಹಂಗ. ಆದ್ರ ಹುಟ್ಟು ಹಾಕೂದು ನಿಲ್ಲಿಸಿದ ದೋಣಿ ನೀರಿನ ವೇಗದಾಗ ಹೋಗ್ತೈತಿ, ನೀರಿನ ವೇಗದಾಗ ಹೋಗೋ ದೋಣಿ ತಿರಗೂದಿಲ್ಲ. ನೀರಿಗಿಂತ ಜೋರ ಹೋಗಬೇಕು, ಇಲ್ಲಾ ಹಿಂದಕ್ಕ ಹುಟ್ಟು ಹಾಕಿ ನೀರಿಗಿಂತ ಸಾವಕಾಶ ಹೋಗಬೇಕು. ಆವಾಗ ಅಷ್ಟ ದಿಕ್ಕು ನಮ್ಮ ಕೈಯಾಗ ಇರತೈತಿ. ಇನ್ನೊಂದು ಮಾತು. ದೋಣಿ ಅಡ್ಡಾಗಿ ಕಲ್ಲಿಗೆ ಬಡದ್ರ ಎಲ್ಲಾರೂ ಕಲ್ಲಿನಿಂದ ದೂರ ಸರೀತಾರ. ಸರದ ಕೂಡ್ಲೆ ಆ ಕಡೆ ಅಂಚು ನೀರಾಗ ಮುಳಗಿ ದೋಣಿ ಮಗಚ್ತೈತಿ. ಕಲ್ಲಿನ ಕಡೇನ ವಾಲಬೇಕು, ಕಲ್ಲು ಅಪ್ಪಿಕೊಳ್ಳೋ ಹಂಗ. ಇದನ್ನ ದಂಡಿಮ್ಯಾಲೆ ನಿಂತು ಹತ್ತ ಸರೆ ಹೇಳಿದ್ರೂ ಯಾರ ಮೈಯೂ ಕೇಳೂದಿಲ್ಲ. ಒಂದ ಸರೆ ನೀರ ಕುಡದ ಮ್ಯಾಲೆ ಕೇಳ್ತೈತಿ.

ಕಾಕಾ: (ಸ್ವಲ್ಪ ಹೊತ್ತು ಸುಮ್ಮನಿದ್ದು) ವೇಗದ ಮಾತು ಛಲೋ ಐತಿ. 2020ರಾಗ ಲಾಕ್‌ಡೌನ್ ಆದಾಗ ನಮ್ಮ ಲೈನಿನಾಗ ಭಾಳ ಮಂದಿ ಹಂಗ ಕುಂತಬಿಟ್ರು. ಯಾರಿಗೂ ಫೋನಿಲ್ಲ, ವಸೂಲಿ ಇಲ್ಲ, ಮಾಲು ಇಲ್ಲ. ಬಾಗಲಾ ತಗಿಯೋದ್ರೊಳಗ ಗಿರಾಕಿ ಬ್ಯಾರೆ ಕಡೆ ಹೋಗಿದ್ದ. ಆದ್ರ ಒಂದು ಕೇಳ್ತೀನಿ. ಇದು ನನಗ ಮೊದಲ ಗೊತ್ತಿತ್ತು. ನಿನ್ನ ಹೊಳಿ ಅದನ್ನ ಕಲಸ್ತೋ, ಗೊತ್ತಿದ್ದದ್ದಕ್ಕ ಚಂದನ ಮಾತು ಕೊಡ್ತೋ?

ಮಗಳು: ಗೊತ್ತಿದ್ದದ್ದು ತಲ್ಯಾಗ ಇತ್ತು ಕಾಕಾ. ಕೈಕಾಲಿಗೆ ಇಳಿಯಾಕ ಏನರ ಬೇಕಲ್ಲ?

ಕಾಕಾ: ಇರಲಿ. ಈಗ ಕೇಳು. ನಿನ್ನ ಹೊಳಿ ಹೊಳೀನ ಅಲ್ಲ. ಮ್ಯಾಲೆ ಸೂಪಾ ಡ್ಯಾಮ್ ಐತಿ. ಕರೆಂಟಿಗಂತ ನೀರ ಬಿಟ್ರ ನಿನಗ ಸೆಳವು, ಬಿಡಲಿಲ್ಲಂದ್ರ ಬರೇ ಕಲ್ಲು. ಅದಕ್ಕ 'ನಿಸರ್ಗದ ಸವಾಲು' ಅಂತ ಬೋರ್ಡ್ ಹಚ್ಚೀರಿ.

ಮಗಳು: ನಾ ಹಚ್ಚಿಲ್ಲ. ನನಗ ಅದ ಹೆಚ್ಚಿನ ಪಾಠ ಅನಸ್ತೈತಿ. ನೀರು ಎಷ್ಟೊತ್ತಿಗೆ ಬರ್ತೈತಿ ಅನ್ನೂದು ವಿದ್ಯುತ್ ನಿಗಮದವರ ಕೈಯಾಗ. ನಾವು ದೋಣಿಗೆ ಗಾಳಿ ತುಂಬಿ, ಜಾಕೆಟ್ ಬೆಲ್ಟ್ ಒಬ್ಬೊಬ್ಬರದೂ ಎಳದು ನೋಡಿ, ದಂಡಿಮ್ಯಾಲೆ ಕುಂತಿರತೀವಿ. ಜಗಳಾಡಿದ್ರ ನೀರ ಬರೂದಿಲ್ಲ. ಬಂದಾಗ ತಯಾರಿ ಇಲ್ಲಂದ್ರ ನಮಗೋಸ್ಕರ ನಿಲ್ಲೂದಿಲ್ಲ. ನಿಮ್ಮ ಧಂದೆದಾಗ ಗೇಟ್ ಯಾರ ಕೈಯಾಗ ಐತಿ?

ಕಾಕಾ: ಬ್ಯಾಂಕಿನವರ ಕೈಯಾಗ. ಮಳಿ ಕೈಯಾಗ. ಸರ್ಕಾರದ ಸಬ್ಸಿಡಿ ಫೈಲ್ ಕೈಯಾಗ. 2023ರ ಬರಗಾಲ ನೆನಪೈತಿಲ್ಲ? ಬೋರ್ ಕೊರಸೋರು ಹೆಚ್ಚಾದ್ರು, ರೊಕ್ಕ ಕೊಡೋರು ಕಡಿಮಿ ಆದ್ರು. ಅದು ನಿನ್ನ ಪಾಠಕ್ಕ ಕೂಡ್ತೈತಿ, ತಗೋ. ಆದ್ರ ಸೂಪಾ ಅಂದ್ರ ನನಗ ಗೇಟ್ ನೆನಪಾಗೂದಿಲ್ಲ, ಊರು ನೆನಪಾಗ್ತೈತಿ. ಹಳೇ ಸೂಪಾ ಆ ನೀರಿನ ತಳದಾಗ ಐತಿ. ನಮ್ಮಪ್ಪ ಅಲ್ಲಿಗೆ ವ್ಯಾಪಾರಕ್ಕ ಹೋಗ್ತಿದ್ದ. ಆ ಸುತ್ತಿನ ಮಂದಿನ್ನ ಎಬ್ಬಿಸಿ ರಾಮನಗರಕ್ಕ ತಂದು ಕುಂದರಿಸಿದ್ರು. ಅವರೂ ಕಾಳಿ ಹೊಳಿಯಿಂದ ಪಾಠ ಕಲಿತಾರವಾ. ಅವರ ಕೈಯಾಗ ಯಾರೂ ಮೈಕ್ ಕೊಡೂದಿಲ್ಲ.

101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಮುಗಿಯಿತು. ಇವತ್ತು ಜಾಕೆಟ್ಟು ತೊಟ್ಟು ನಗುತ್ತ ಗಣೇಶಗುಡಿಯಿಂದ ಹೊರಡುವ ದೋಣಿಗಳ ಕೆಳಗೆ ಹರಿಯುವುದು ಒಂದು ಊರನ್ನು ಮುಳುಗಿಸಿದ ಜಲಾಶಯದ ನೀರು. ಇದನ್ನು ಹೇಳಿದ ಮಾತ್ರಕ್ಕೆ ದೋಣಿ ಹತ್ತಬಾರದು ಎಂದಾಗುವುದಿಲ್ಲ. ಆದರೆ ಹೊಳೆಯಿಂದ ಕಲಿಯುತ್ತೇವೆ ಎನ್ನುವವರು ಹೊಳೆಯ ಈ ಸಂಗತಿಯನ್ನೂ ಕಲಿಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹುಡುಗಿಗೂ ಅನ್ನಿಸಿರಬೇಕು, ಈ ಸಲ ತಕ್ಷಣ ಉತ್ತರ ಕೊಡಲಿಲ್ಲ.

ಕಾಕಾ: ಇನ್ನೂ ಐತಿ. 2022ರ ಏಪ್ರಿಲ್‌ದಾಗ ಅದ ಗಣೇಶಗುಡಿ ಹತ್ರ ಮಿತಿಗಿಂತ ಹೆಚ್ಚು ಮಂದಿ ತುಂಬಿದ ದೋಣಿ ಸೆಳವಿಗೆ ಸಿಕ್ಕದ್ದು ಊರೆಲ್ಲಾ ಮೊಬೈಲಿನಾಗ ನೋಡೈತಿ. ನನ್ನ ಮಂದಿನ್ನ ಅಲ್ಲಿಗೆ ಕಳಿಸಂತೀಯಲ್ಲ.

ಮಗಳು: ನೋಡೈತಿ. ನಾನೂ ನೋಡೀನಿ. ಆದ್ರ ಅದು ಹೊಳಿ ತಪ್ಪಲ್ಲ ಕಾಕಾ. ಒಂದು ದೋಣ್ಯಾಗ ಎರಡು ದೋಣಿ ಗಿರಾಕಿ ತುಂಬೂದು ಯಾರ ಬುದ್ಧಿ? ಪ್ಯಾಟಿ ಬುದ್ಧಿ. ಹೊಳಿಯಿಂದ ಪ್ಯಾಟಿಗೆ ಪಾಠ ಬರೂದು ಬಿಡ್ರಿ, ಪ್ಯಾಟಿಯಿಂದ ಹೊಳಿಗೆ ಹೋದ ಪಾಠ ಅದು. ಕ್ಯಾಸಲ್‌ರಾಕ್‌ನಿಂದ ಹಳಿ ಮ್ಯಾಲೆ ದೂಧಸಾಗರಕ್ಕ ನಡಕೊಂಡು ಹೋಗೋರದ್ದೂ ಅಷ್ಟ. ನಮ್ಮ ಹುಬ್ಬಳ್ಳಿ ರೈಲ್ವೆಯವರ ಬ್ಯಾಡ ಬ್ಯಾಡ ಅಂತ 2023ರಾಗ ಪೊಲೀಸರನ್ನ ನಿಲ್ಲಿಸಿ ತಡದ್ರು. ಅದಕ್ಕ ನಾ ಸಾಹಸ ಅನ್ನೂದಿಲ್ಲ. ತಯಾರಿ ಇಲ್ಲದ್ದು ಸಾಹಸ ಅಲ್ಲ.

ಕಾಕಾ: ತಯಾರಿ ಅಂತೀ. ತಯಾರಿ ಯಾರದ್ದು? ದೋಣ್ಯಾಗ ಹಿಂದ ಕುಂತ ಗೈಡ್ ಹುಡುಗಂದು. ಅವನಿಗೆ ಒಂದೊಂದು ಕಲ್ಲಿನ ಹೆಸರು ಗೊತ್ತು. ಮುಂದ ಕುಂತವರಿಗೆ ಹೆದರಿಕಿ ಅಷ್ಟ ಖರೆ, ಅಪಾಯ ಅವ ತೂಗಿ ನೋಡಿ ಕೊಟ್ಟದ್ದು. ವ್ಯಾಪಾರದಾಗ ಹಿಂದ ಯಾರೂ ಕುಂತಿರೂದಿಲ್ಲ.

ಮಗಳು: ನಿಮ್ಮ ಹಿಂದ ಅಜ್ಜ ಕುಂತಿದ್ದ.

ಕಾಕಾ: ಕುಂತಿದ್ದ. ಹನ್ನೆರಡು ವರ್ಷ ಗಲ್ಲೆ ಮುಟ್ಟಾಕ ಬಿಡಲಿಲ್ಲ. ಎರಡ ದಿನದಾಗ ಕಲಸಲಿಲ್ಲ.

ಮಗಳು: ಈ ವಿದ್ಯೆ ಹುಟ್ಟಿದ್ದ ಧಂದೆದವರ ಮನ್ಯಾಗ, ಗೊತ್ತೈತೇನು? 1941ರಾಗ, ಯುದ್ಧದ ನಡುವ, ಇಂಗ್ಲೆಂಡಿನ ಹಡಗಿನ ಕಂಪನಿ ಮಾಲಕ ಲಾರೆನ್ಸ್ ಹೋಲ್ಟ್ ಅಂತ. ಟಾರ್ಪಿಡೊ ಬಡದು ಹಡಗು ಮುಳಗಿದಾಗ ಗಟ್ಟಿಮುಟ್ಟು ಹುಡುಗರು ಲೈಫ್‌ಬೋಟ್‌ನಾಗ ಸಾಯಾಕತ್ತಾರ, ವಯಸ್ಸಾದ ನಾವಿಕರು ಉಳೀತಾರ ಅನ್ನೂದು ಅವನ ಚಿಂತಿ. ಕುರ್ಟ್ ಹಾನ್ ಅನ್ನೋ ಮಾಸ್ತರ ಜೋಡಿ ಕೂಡಿ ವೇಲ್ಸ್‌ನ ಅಬರ್‌ಡೋವಿಯೊಳಗ ಶಾಲೆ ತಗದ. ಔಟ್‌ವರ್ಡ್ ಬೌಂಡ್. ಇವತ್ತ ಜಗತ್ತಿನ ತುಂಬ ನಡಿಯೋ ಇಂಥಾ ಶಿಬಿರಕ್ಕೆಲ್ಲಾ ಅದ ಬೇರು. ನಮ್ಮಲ್ಲಿ ಟಾಟಾ ಸ್ಟೀಲ್‌ನವರು 1984ರಾಗ, ಬಚೇಂದ್ರಿ ಪಾಲ್ ಎವರೆಸ್ಟ್ ಹತ್ತಿದ ವರ್ಷ, ಸಾಹಸಕ್ಕಂತ ಬ್ಯಾರೆ ಸಂಸ್ಥೆ ಮಾಡಿ ಆಕಿ ಕೈಗೆ ಕೊಟ್ರು. ಕಬ್ಬಿಣ ಮಾಡೋ ಕಂಪನಿಗೆ ಅದು ಯಾಕ ಬೇಕಿತ್ತು?

ಕಾಕಾ: ಹೋಲ್ಟ್‌ನ ಮಾತು ಇನ್ನೊಮ್ಮೆ ಹೇಳು. ಉಳದವರು ಯಾರು?

ಮಗಳು: ವಯಸ್ಸಾದ ನಾವಿಕರು.

ಕಾಕಾ: ಅವರು ಯಾವ ಶಿಬಿರಕ್ಕ ಹೋಗಿದ್ರು?

ಮಗಳು: ...ಹಾಯಿ ಹಡಗಿನಾಗ ದುಡದಿದ್ರು. ವರ್ಷಗಟ್ಲೆ.

ಕಾಕಾ: ನೀನ ಹೇಳಿದಿ.

ಮಗಳು: ಅದಕ್ಕ ಶಾಲೆ ತಗದ ಕಾಕಾ! ಹಾಯಿ ಹಡಗು ಹೋಗಿ ಉಗಿ ಹಡಗು ಬಂದಿತ್ತು. ದುಡೀತಾ ಕಲಿಯೋ ದಾರಿ ಮುಚ್ಚಿ ಹೋಗಿತ್ತು. ಈಗಿನ ಹುಡುಗರನ್ನ ನೋಡ್ರಿ. ಕಂಪ್ಯೂಟರ್ ಮುಂದ ಕುಂತು ಮಾಲು ತರಿಸಿ ಮಾಲು ಕಳಸ್ತಾರ. ತಪ್ಪಾದ್ರ ಮೈಮ್ಯಾಲೆ ಏನೂ ಬರೂದಿಲ್ಲ. ಅಜ್ಜ ನಿಮಗ ಕೊಟ್ಟ ಹನ್ನೆರಡು ವರ್ಷ ಇವತ್ತ ಯಾರಿಗೆ ಯಾರು ಕೊಡ್ತಾರ?

ಕಾಕಾ: ಇದಕ್ಕ ನನ್ನ ಹಂತ್ಯಾಕ ಜವಾಬಿಲ್ಲ. ಆದ್ರ ದುಡೀತಾ ಕಲಿಯೋರು ಇನ್ನೂ ಅದಾರ. ನೀ ಅವರನ್ನ ನೋಡವಲ್ಲಿ. ನಮ್ಮ ಲಾರಿ ಹುಬ್ಬಳ್ಳಿಯಿಂದ ಅಂಕೋಲಾಕ್ಕ ಹೋಗ್ತೈತಿ. ಆಷಾಢದ ಮಳ್ಯಾಗ, ರಾತ್ರಿ, ಅರಬೈಲ್ ಘಟ್ಟ. ಡ್ರೈವರ್‌ಗ ಹೆಲ್ಮೆಟ್ಟಿಲ್ಲ, ಗೈಡಿಲ್ಲ, ಕೆಳಗ ಮುಟ್ಟಿದ ಮ್ಯಾಲೆ ಚಪ್ಪಾಳಿ ಇಲ್ಲ. 2024ರ ಜುಲೈ 16ಕ್ಕ ಶಿರೂರಿನಾಗ ಗುಡ್ಡ ಬಿತ್ತಲ್ಲ. ಹೆದ್ದಾರಿ ಬಾಜೂಕಿನ ಚಹಾದಂಗಡಿ ಹೋತು, ನಿಂತ ಲಾರಿ ಗಂಗಾವಳಿ ಹೊಳ್ಯಾಗ ಹೋತು. ಆ ಲಾರಿ ಸಿಗಾಕ ಸೆಪ್ಟೆಂಬರ್ ಬಂತು. ಅವರದ್ದು ಸಾಹಸ ಅಲ್ಲ ಯಾಕ? ರೊಕ್ಕ ಕೊಟ್ಟು ಹೋಗಿದ್ರ ಸಾಹಸ, ರೊಕ್ಕಕ್ಕಂತ ಹೋದ್ರ ಡ್ಯೂಟಿ?

ಮಗಳು: (ತಡೆದು) ನಾವು ಬೇಕಂತ ಹೋಗ್ತೀವಿ. ಬ್ಯಾಡಂದ್ರ ದಂಡಿಮ್ಯಾಲೆ ಕುಂದರಬಹುದು. ಅವರಿಗೆ ಆ ಅವಕಾಶ ಇಲ್ಲ. ಅಷ್ಟ ಫರಕು. ದೊಡ್ಡ ಫರಕು, ಗೊತ್ತೈತಿ. ಆದ್ರ ಕಾಕಾ, ಆ ಡ್ರೈವರ್‌ಗ ಏನ ಗೊತ್ತೈತಿ ಅಂತ ನಿಮ್ಮ ಆಫೀಸಿನಾಗ ಯಾರರ ಕೇಳ್ಯಾರೇನು? 'ಇವತ್ತ ಘಟ್ಟ ಇಳಿಯೂದು ಬ್ಯಾಡ' ಅಂತ ಅವ ಫೋನ್ ಮಾಡಿದ್ರ ನೀವ ಏನಂತೀರಿ?

ಕಾಕಾ: ಮಾಲು ಎಷ್ಟೊತ್ತಿಗೆ ಮುಟ್ಟಬೇಕಂತ ಕೇಳ್ತೀನಿ.

ಮಗಳು: ನಾ ಕಲಸೂದು ಅದ. ಡ್ರೈವರ್ ಬ್ಯಾಡಂದ್ರ ಬ್ಯಾಡ ಅನ್ನೂದು. ಅದನ್ನ ನಿಮ್ಮ ಮ್ಯಾನೇಜರ್ ಕಲಿಯಾಕ ಒಂದ ಸರೆ ಜೀವ ಬಾಯಿಗೆ ಬರಬೇಕು ಅನಸ್ತೈತಿ ನನಗ.

ಕಾಕಾ ಎದ್ದು ಕಿಟಕಿ ಹಾಕಿ ಬಂದರು. ಮಾತು ಸ್ವಲ್ಪ ಬೇರೆ ಕಡೆ ತಿರುಗಿತು. ಹುಬ್ಬಳ್ಳಿಯಲ್ಲಿ ಸಾಹಸ, ವ್ಯಾಪಾರ ಎರಡೂ ಒಟ್ಟಿಗೆ ಬಂದರೆ ಒಂದು ಹೆಸರು ಬಾರದೆ ಇರುವುದಿಲ್ಲ.

ಮಗಳು: ವಿಜಯ ಸಂಕೇಶ್ವರರನ್ನ ನೋಡ್ರಿ. ಗದಗಿನಾಗ ಮನಿತನದ ಪ್ರೆಸ್ ಇತ್ತು, ಸುರಕ್ಷಿತ ಧಂದೆ. 1976ರಾಗ ಒಂದ ಲಾರಿ ತಗೊಂಡು ಹೊರಬಿದ್ರು. ಇವತ್ತ ಸಾವಿರಗಟ್ಲೆ ಗಾಡಿ. ದಂಡಿ ಬಿಡದಿದ್ರ ಆಗ್ತಿತ್ತೇನು?

ಕಾಕಾ: ಅವರ ಮ್ಯಾಲೆ ನನಗ ಗೌರವ ಐತಿ. ಆದ್ರ ಅವರ ಕತಿ ಹೇಳೋವಾಗೆಲ್ಲಾ ನನಗ ಬ್ಯಾರೆಯವರು ನೆನಪಾಗ್ತಾರ. ಅದ ಕಾಲಕ್ಕ ಒಂದೊಂದು ಲಾರಿ ತಗೊಂಡವರು ಈ ಭಾಗದಾಗ ಎಷ್ಟೋ ಮಂದಿ ಇದ್ರು. ಕಂತು ಕಟ್ಟಾಕ ಆಗದ ಲಾರಿ ಹೋತು, ಹಿಂದಿಂದ ಹೊಲ ಹೋತು. ಅವರೂ ದಂಡಿ ಬಿಟ್ಟವರ. ಅವರನ್ನ ಯಾವ ಶಿಬಿರಕ್ಕೂ ಭಾಷಣಕ್ಕ ಕರಿಯೂದಿಲ್ಲ. ಗೆದ್ದವರ ಬಾಯಿಂದ ಅಷ್ಟ ಕೇಳಿ 'ಧೈರ್ಯ ಮಾಡು' ಅಂತ ಹುಡುಗರಿಗೆ ಹೇಳೂದು ನನಗ ಪಾಪ ಅನಸ್ತೈತಿ.

ಮಗಳು: ನಾ 'ಧೈರ್ಯ ಮಾಡು' ಅಂತ ಹೇಳೂದಿಲ್ಲ ಕಾಕಾ. ನಾ ಹೇಳೂದು 'ಯಾವಾಗ ತಿರುಗಿ ಬರಬೇಕು' ಅಂತ. ಗುಡ್ಡ ಹತ್ತೋರ ದೊಡ್ಡ ವಿದ್ಯೆ ಅದ. 1996ರ ಮೇ 10, ಎವರೆಸ್ಟ್. ಎರಡು ಕಂಪನಿ, ರೊಕ್ಕ ಕೊಟ್ಟು ಬಂದ ಗಿರಾಕಿಗಳು. ಒಬ್ಬೊಬ್ಬರು 65,000 ಡಾಲರ್ ತನಕ ಕೊಟ್ಟವರು. ಮಧ್ಯಾಹ್ನ ಎರಡಕ್ಕ ಎಲ್ಲಿದ್ರೂ ತಿರಗಬೇಕು ಅನ್ನೂದು ನಿಯಮ. ತಿರಗಲಿಲ್ಲ. ಸಂಜಿಕೆ ಬಿರುಗಾಳಿ ಬಂತು. ಶಿಖರದ ಎರಡೂ ಮಗ್ಗಲ ಸೇರಿ ಎಂಟ ಮಂದಿ ಹೋದ್ರು. ಅದರಾಗ ಟಿಬೆಟ್ ಕಡೆಯಿಂದ ಹತ್ತಿದ ನಮ್ಮ ಇಂಡೋ-ಟಿಬೆಟನ್ ಪೊಲೀಸ್‌ನವರು ಮೂವರು. ಎರಡು ಕಂಪನಿ ಮುಖ್ಯಸ್ಥರು, ರಾಬ್ ಹಾಲ್, ಸ್ಕಾಟ್ ಫಿಶರ್, ಇಬ್ಬರೂ ಹೋದ್ರು. ಹಾರ್ವರ್ಡ್‌ನವರು ಇದನ್ನ ವ್ಯಾಪಾರ ಶಾಲ್ಯಾಗ ಪಾಠ ಮಾಡ್ಯಾರ.

ಕಾಕಾ: ಅಷ್ಟು ತಿಳದವರು. ಯಾಕ ತಿರಗಲಿಲ್ಲ?

ಮಗಳು: ಒಬ್ಬ ಗಿರಾಕಿನ್ನ ಹಾಲ್ ಹಿಂದಿನ ವರ್ಷ ಶಿಖರದ ಹತ್ರದಿಂದ ತಿರುಗಿಸಿ ಕಳಿಸಿದ್ದ. ಈ ವರ್ಷ ತಾನ ಒತ್ತಾಯ ಮಾಡಿ, ರೊಕ್ಕ ಕಡಿಮಿ ಮಾಡಿ ಕರಕೊಂಡು ಬಂದಿದ್ದ. ಎರಡನೇ ಸರೆ ತಿರುಗು ಅನ್ನಾಕ ಮನಸಾಗಲಿಲ್ಲ. ನಾಲ್ಕರ ಸುಮಾರಿಗೆ ಇಬ್ಬರೂ ಮ್ಯಾಲೆ ಇದ್ರು. ಇಬ್ಬರೂ ಕೆಳಗ ಬರಲಿಲ್ಲ.

ಕಾಕಾ: (ಬಹಳ ಹೊತ್ತು ಮಾತಿಲ್ಲ) ಗಿರಾಕಿ ಗೆಳೆಯಾದ್ರ ಹಿಂಗಾಗ್ತೈತಿ... ತಿರುಗಿ ಬಂದವರು ಯಾರರ ಅದಾರೇನು? ಹೆಸರಾದವರು?

ಮಗಳು: ಶ್ಯಾಕಲ್‌ಟನ್. 1909ರ ಜನವರಿ. ದಕ್ಷಿಣ ಧ್ರುವ ಇನ್ನ ನೂರಾ ಎಂಬತ್ತು ಕಿಲೋಮೀಟರ್ ಇತ್ತು. ಮುಂದ ಹೋದ್ರ ಮುಟ್ಟತೀವಿ, ವಾಪಸ್ ಬರೂದಿಲ್ಲ ಅಂತ ಲೆಕ್ಕ ಹಾಕಿ ತಿರುಗಿದ. ನಾಲ್ಕೂ ಮಂದಿ ಉಳದ್ರು.

ಕಾಕಾ: ಧ್ರುವ ಮುಟ್ಟಿದ ಹೆಸರು?

ಮಗಳು: 1911ರಾಗ ಅಮುಂಡ್‌ಸೆನ್‌ಗ ಹೋತು.

ಕಾಕಾ: ಹಂಗಾದ್ರ ಅವನ ಮನಿಯವರಿಗೆ ಛಲೋ ಆತು, ಅವಗ ಎಷ್ಟು ಸಂಕಟ ಆಗಿರಬೇಕು. ನೀವ ಶಿಬಿರದಾಗ ಆ ಸಂಕಟ ಹೇಳ್ತೀರೇನು? 'ತಿರುಗಿ ಬರೂದು ಶಾಣ್ಯಾತನ' ಅಂತ ಅಷ್ಟ ಹೇಳಿದ್ರ ಅರ್ಧಾ ಹೇಳಿದಂಗ.

ಮಗಳು: ಇಲ್ಲಿ ತನಕ ಹೇಳಿಲ್ಲ.

ಕಾಕಾ: ಇನ್ನೊಂದು ಕೇಳ್ತೀನಿ, ಸಿಟ್ಟಾಗಬ್ಯಾಡ. 2024ರ ಜೂನ್‌ದಾಗ ಉತ್ತರಾಖಂಡದ ಸಹಸ್ರತಾಲಕ್ಕ ಬೆಂಗಳೂರಿಂದ ಹೋದ ತಂಡ. ಅಲ್ಲಿಯ ಗೈಡ್ ಮಂದಿ ಸೇರಿ 22 ಜನ. ಹಿಮದ ಗಾಳಿ ಬಂತು. ಒಂಬತ್ತು ಮಂದಿ ಬರಲಿಲ್ಲ. ಎಲ್ಲಾ ನಮ್ಮ ಕರ್ನಾಟಕದವರು. ಅದರಿಂದ ಏನ ಪಾಠ ಮಾಡ್ತಿ?

ಮಗಳು: ಮಾಡೂದಿಲ್ಲ. ಅದನ್ನ ನಾ ಯಾವ ಶಿಬಿರದಾಗೂ ತಗದಿಲ್ಲ. ಅವರು ತಯಾರಿಲ್ಲದ ಹೋದವರಂತ ಹೇಳಾಕ ನನ್ನ ನಾಲಗಿ ಏಳೂದಿಲ್ಲ. ಆ ಎತ್ತರದಾಗ ಹವಾ ಒಂದು ತಾಸಿನಾಗ ಬದಲಾಗ್ತೈತಿ. ಅವರ ಮನಿಯವರು ಇಲ್ಲೇ ಅದಾರ, ನಮ್ಮ ಭಾಷೆ ಮಾತಾಡೋರು. ಅವರ ದುಃಖ ತಗೊಂಡು ನಾ ಪರದೆ ಮ್ಯಾಲೆ ಹಾಕಲೇನು?

ಕಾಕಾ: ಎವರೆಸ್ಟ್‌ನ ಎಂಟ ಮಂದೀದು ಹಾಕೀಯಲ್ಲ. ಅವರಿಗೂ ಮನಿಯವರು ಅದಾರ.

ಈ ಮಾತಿಗೆ ಹುಡುಗಿ ಉತ್ತರ ಕೊಡಲಿಲ್ಲ. ಕೊಡಲು ಆಗುತ್ತಿರಲಿಲ್ಲ. ದೂರದವರ ಸಾವು ನಮಗೆ ಪಾಠವಾಗಿ ಬರುತ್ತದೆ, ಹತ್ತಿರದವರ ಸಾವು ಸಾವಾಗಿಯೇ ಬರುತ್ತದೆ. ಹಾಗೆಂದು 1996ರ ಎವರೆಸ್ಟನ್ನು ಓದಬಾರದೇ? ಓದಿದ್ದರಿಂದ ಯಾರೋ ಒಬ್ಬರು ಎಲ್ಲೋ ಹೊತ್ತಿಗೆ ಸರಿಯಾಗಿ ತಿರುಗಿ ಬಂದಿರಬಹುದು. ಅದನ್ನು ಅಲ್ಲಗಳೆಯಲು ನನಗೆ ಮನಸ್ಸಿಲ್ಲ. ಆದರೆ ಮಾರಾಟದ ಗುರಿ ಮುಟ್ಟುವುದಕ್ಕೆ ಯಾರದೋ ಹೆಪ್ಪುಗಟ್ಟಿದ ದೇಹವನ್ನು ಉದಾಹರಣೆ ಮಾಡುವಾಗ ದನಿ ತಗ್ಗಬೇಕು. ಕಾಕಾ ಕೇಳಿದ್ದು ಇಷ್ಟೇ ಎಂದುಕೊಂಡೆ.

ಕಾಕಾ: ಬ್ಯಾಸರ ಮಾಡ್ಕೊಬ್ಯಾಡ. ನೀ ಮನಸಿಟ್ಟು ಮಾಡೋಕಿ ಅಂತನ ಕೇಳಿದ್ನಿ. ಈಗ ಸೋಮವಾರದ ಮಾತು ಹೇಳು. ರವಿವಾರ ಒಂದ ದೋಣ್ಯಾಗ ಇದ್ದವರು ಸೋಮವಾರ ಏನಾಗ್ತಾರ?

ಮಗಳು: ಖರೆ ಹೇಳಲೇನು? ಒಂದು ಕಂಪನಿ ತಂಡದಾಗ ಲೆಕ್ಕ ಬರಿಯೋ ಹುಡುಗಿ ಇದ್ಲು. ಆಫೀಸಿನಾಗ ದನಿ ಎತ್ತಿದಾಕಿ ಅಲ್ಲಂತ. ದೋಣ್ಯಾಗ ಸಾಹೇಬರು ತಪ್ಪು ಕಡೆ ಹುಟ್ಟು ಹಾಕಾಕತ್ತಿದ್ರು, ಆಕಿ ಒದರಿದ್ಲು. ಸಾಹೇಬರು ಕೇಳಿದ್ರು, ದೋಣಿ ಉಳೀತು. ಎಲ್ಲಾರೂ ಆಕಿನ್ನ ಎತ್ತಿ ಕುಣದಾಡಿದ್ರು. ಒಂದು ತಿಂಗಳ ಬಿಟ್ಟು ಫೋನ್ ಮಾಡಿ ಕೇಳಿದ್ನಿ. ಮೊದಲ ವಾರ ಮೀಟಿಂಗ್‌ನಾಗ ಆಕಿನ್ನ ಮಾತಾಡಸ್ತಿದ್ರಂತ. ಆಮ್ಯಾಲೆ ಮೊದಲಿನಂಗ.

ಕಾಕಾ: ನೋಡು.

ಮಗಳು: ನೋಡೀನಿ. ಆದ್ರ ಆಕಿ ಇನ್ನೊಂದು ಹೇಳಿದ್ಲು. 'ನನಗ ಒದರಾಕ ಬರ್ತೈತಿ ಅಂತ ಗೊತ್ತಾತ್ರಿ' ಅಂದ್ಲು. ಆಫೀಸು ಬದಲಾಗಲಿಲ್ಲ, ಆಕಿ ಬದಲಾದ್ಲು. ಇದು ಸಣ್ಣದೇನು?

ಕಾಕಾ: ಸಣ್ಣದಲ್ಲ. ಕಂಪನಿಯವರು ರೊಕ್ಕ ಕೊಟ್ಟದ್ದು ಇದಕ್ಕಲ್ಲ ಅಷ್ಟ. ಆಕಿ ನಾಳೆ ಆ ಕೆಲಸ ಬಿಟ್ಟು ಬ್ಯಾರೆ ಕಡೆ ಹೋದಾಳು. (ನಕ್ಕು) ಹೋಗಲಿ, ಛಲೋ ಆಗಲಿ ಆಕಿಗೆ. ನಮ್ಮ ಮಂದಿ ವಿಷಯಕ್ಕ ಬಾ. ಈಜು ಬರದವರು ಅದಾರ. ಸಣ್ಣ ಕೂಸು ಇರೋ ಹೆಣ್ಣಮಕ್ಕಳು ಅದಾರ. ರವಿವಾರ ಒಂದ ದಿನ ಅವರಿಗೆ ಮನಿ ಸಿಗೂದು. ನಾ 'ಹೋಗ್ರಿ' ಅಂದ್ರ ಯಾರೂ ಇಲ್ಲ ಅನ್ನೂದಿಲ್ಲ. ಮನಸಿಲ್ಲದ ಹೋಗ್ತಾರ. ಬೇಕಾದವರು ದಂಡಿಮ್ಯಾಲೆ ಕುಂದರಬಹುದು ಅಂದಿ. ಮಾಲಕ ನೋಡಾಕತ್ತಾಗ ಯಾರು ಕುಂದರ್ತಾರವಾ ದಂಡಿಮ್ಯಾಲೆ?

ಮಗಳು: ಅದಕ್ಕ ನೀವೂ ಬರ್ರಿ. ಮೊದಲ ನೀವ ದಂಡಿಮ್ಯಾಲೆ ಕುಂದರ್ರಿ.

ಕಾಕಾ: ನಾ ನೃಪತುಂಗ ಬೆಟ್ಟ ಹತ್ತಿ ಇಳಿಯೂದ್ರಾಗ ಮೊಣಕಾಲು ಹಿಡೀತಾವು. ಒಂದು ಮಾಡ್ತೀನಿ. ಎರಡ ದಿನದ ಪಗಾರ ಸಹಿತ ರಜಾ ಕೊಡ್ತೀನಿ. ಹೊಳಿಗೆ ಹೋಗೋರು ನಿನ್ನ ಜೋಡಿ ಬರಲಿ, ಖರ್ಚು ನಂದು. ಊರಿಗೆ ಹೋಗೋರು ಊರಿಗೆ ಹೋಗಲಿ. ಯಾರು ಎಲ್ಲಿ ಹೋದ್ರು ಅಂತ ನಾ ಕೇಳೂದಿಲ್ಲ.

ಮಗಳು: ಹಂಗಾದ್ರ ನಾಕ ಮಂದಿ ಬರ್ತಾರ. ತಂಡ ಆಗೂದಿಲ್ಲ.

ಕಾಕಾ: ನಾಕ ಮಂದಿ ತಾವಾಗಿ ಬಂದದ್ದು ತಂಡ. ಇಪ್ಪತ್ತೈದು ಮಂದಿ ಹೇಳಿಸಿಕೊಂಡು ಬಂದದ್ದು ಜಾತ್ರಿ.

ಮಗಳು: ಸರಿ. ಆದ್ರ ನೀವ ಬರದ ನಾಕ ಮಂದಿನ್ನ ಕಳಿಸಿದ್ರ ಅವರು ಕಲಿತು ಬಂದದ್ದು ಈ ಆಫೀಸಿನಾಗ ಎಲ್ಲಿ ಇಡ್ತಾರ? ನೀವ ಒಂದು ಮಾಡ್ರಿ, ಹೊಳಿಗೆ ಬರಬ್ಯಾಡ್ರಿ. ಉದ್ರಿಗೆ ಎರಡು ಗಂಟೆ ನಿಯಮ ಹಾಕ್ರಿ. ಹಂಗಾಮು ಸುರು ಆಗೂಕಿಂತ ಮೊದಲ, ಮನಸು ತಣ್ಣಗಿದ್ದಾಗ, ಯಾರಿಗೆ ಎಷ್ಟು ತನಕ ಉದ್ರಿ, ಎಷ್ಟು ದಿನ ತನಕ, ಅಂತ ಬರೀರಿ. ಆ ಗೆರಿ ದಾಟಿದ್ರ ಮಾಲು ಇಲ್ಲ. ಯಾರ ಬಂದ್ರೂ ಇಲ್ಲ.

ಕಾಕಾ: ಗೆರಿ ಈಗೂ ಐತಿ. ನನ್ನ ತಲ್ಯಾಗ.

ಮಗಳು: ಹಾಲ್‌ಗೂ ತಲ್ಯಾಗ ಇತ್ತು.

ಕಾಕಾ: ಗುಡ್ಡ ಬ್ಯಾರೆ, ಗಿರಾಕಿ ಬ್ಯಾರೆ. ನವಲಗುಂದದವನ ಜೋಡಿ ಮೂವತ್ತು ವರ್ಷದ ಗೆಳೆತನ. ನನ್ನ ಕಷ್ಟದಾಗ ಅವ ಕೊಟ್ಟಾನ. ಬರಗಾಲ ಆಗಿ ಅವನ ಕಡೆಯ ರೈತರು ರೊಕ್ಕ ಕೊಡಲಿಲ್ಲಂದ್ರ ಅವ ಎಲ್ಲಿಂದ ತರಬೇಕು? ಆವಾಗ ನಾ ಗೆರಿ ತೋರಿಸಿದ್ರ ವ್ಯಾಪಾರ ಉಳಿದೀತು, ಮತ್ತೇನು ಉಳೀತು? ನಿನ್ನ ಗುಡ್ಡದಾಗ ತಿರುಗಿ ಬಂದ್ರ ಗುಡ್ಡ ಬ್ಯಾಸರ ಮಾಡ್ಕೊಳ್ಳೂದಿಲ್ಲ. ಇಲ್ಲಿ ಮನುಷ್ಯಾ ಮಾಡ್ಕೊಳ್ತಾನ.

ಮಗಳು: ಇದು ನನಗೂ ಹೊಳದಿರಲಿಲ್ಲ... ಆದ್ರ ನಿಮ್ಮ ಹಿಂದ ಇಪ್ಪತ್ತೈದು ಮನಿ ಅದಾವು ಕಾಕಾ. ಗೆಳೆಯನ ಮುಖ ನಿಮಗ ಕಾಣತೈತಿ. ಈ ಮಂದಿ ಮುಖ ಆ ಹೊತ್ತಿಗೆ ಕಾಣೂದಿಲ್ಲ. ಗೆರಿ ಬರಿಯೂದು ಅದಕ್ಕ.

ಕಾಕಾ: ಬರದ್ರ, ಅವ ಬಂದು ಎದುರು ಕುಂತಾಗ ಯಾರು ಹೇಳಬೇಕು? ನನ್ನ ಬಾಯಿಂದ ಬರೂದಿಲ್ಲ, ಮೊದಲ ಹೇಳ್ತೀನಿ.

ಮಗಳು: ನಿಮ್ಮ ಬಾಯಿ ಬ್ಯಾಡ. ದೋಣ್ಯಾಗ ನೀರ ಮೊದಲ ಯಾರಿಗೆ ಕಾಣತೈತೋ ಅವರ ಹೇಳಬೇಕು. ಇಲ್ಲಿ ಖಾತೆ ಯಾರ ಕೈಯಾಗ ಐತಿ?

ಇಬ್ಬರೂ ಮೂಲೆಯ ಕಡೆ ನೋಡಿದರು. ಅಲ್ಲಿ ತನಕ ತಲೆ ಎತ್ತದ ಗುಮಾಸ್ತರು ಪೆನ್ನು ಕೆಳಗಿಟ್ಟರು.

ಗುಮಾಸ್ತರು: ಸಾವ್ಕಾರ್ರ, ಖಾತೆ ಮೊದಲನೇ ಪುಟದಾಗ ನಿಮ್ಮ ಕೈಲೆ ಬರದು ಸಹಿ ಹಾಕಿ ಕೊಟ್ರ ನಾ ಹೇಳ್ತೀನ್ರಿ. ಬಾಯಿಲೆ ಹೇಳಿದ್ರ ಹೇಳೂದಿಲ್ಲ.

ಕಾಕಾ: ಯಾಕ? ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನು?

ಗುಮಾಸ್ತರು: ಮಾತಿನ ಮ್ಯಾಲೆ ಐತ್ರಿ. ಆದ್ರ ನವಲಗುಂದದವರು ಬಂದ ದಿನ ನೀವ ನನ್ನ ಚಹಾ ಹೇಳಿ ಬಾ ಅಂತ ಹೊರಗ ಕಳಸ್ತೀರಿ.

ಕಾಕಾ: ...ಕಳಸ್ತೀನಿ, ಹೌದು.

ಗುಮಾಸ್ತರು: ಬರದು ಕೊಡ್ತೀರೇನ್ರಿ?

ಕಾಕಾ: ಸೋಮವಾರ ನೋಡೋಣು.

ಮಗಳು: ಇವತ್ತ ಗುರುವಾರ ಕಾಕಾ.